ಟೈಟಲ್ ಕಾರ್ಡ್ ಓಡುವಾಗ ಸ್ವಲ್ಪ ಸುಮ್ನಿರಿ

ನಮ್ಮ ಅಕ್ಕನ ಮಗ ಒಂದು ಕಿರುಚಿತ್ರ ಮಾಡುತ್ತಿದ್ದಾನೆ. ಥ್ರಿಲ್ಲರ್. ಹಾಸನದಲ್ಲೇ ಎಂಜಿನಿಯರಿಂಗ್ ಓದುವ ಹುಡುಗ. ಒಂದು ಕ್ಯಾಮೆರಾ, ನಾಲ್ಕೈದು ಗೆಳೆಯರು, ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟ. ಇಷ್ಟು ಅವನ ಬಂಡವಾಳ. ಕಥೆ ಇಷ್ಟು: ತೋಟಕ್ಕೆ ಹೊಸದಾಗಿ ಬಂದ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಳುಗಳ ಹಾಜರಿ ಹಾಕುವ ಹಳೇ ಚೆಕ್‌ರೋಲ್ ಪುಸ್ತಕ ತೆಗೆದು ನೋಡುತ್ತಾನೆ. ಅದರಲ್ಲಿ ಒಬ್ಬನ ಹೆಸರಿನ ಮುಂದೆ ಭಾನುವಾರವೂ ಬಿಡದೆ ಹಾಜರಿ ಬಿದ್ದಿದೆ. ಆ ಹೆಸರಿನವನನ್ನು ಆಳುಗಳು ಇರುವ ಲೈನ್ ಮನೆಯಲ್ಲಿ ಯಾರೂ ನೋಡಿಯೇ ಇಲ್ಲ. ಕಥೆ ಚೆನ್ನಾಗಿದೆ ಅಲ್ವಾ?

"ಚಿಕ್ಕಮ್ಮ, ಟೈಟಲ್ ನೀನೇ ಮಾಡ್ಕೊಡು. ಒಂದು ಭಯಂಕರ ಫಾಂಟ್ ಹಾಕಿದ್ರೆ ಸಾಕು" ಅಂದ.

ಬಿ.ಎಂ. ರಸ್ತೆಯ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸು. ಹಾಸನಾಂಬೆ ಬಾಗಿಲು ತೆಗೆಯುವ ಸಮಯದಲ್ಲಿ ಊಟಕ್ಕೂ ಬಿಡುವಿಲ್ಲದಷ್ಟು ಬ್ಯಾನರು. ದಿನವಿಡೀ ಅಕ್ಷರದ ಜೊತೆಗೇ ಬದುಕುವವಳಿಗೆ 'ಭಯಂಕರ ಫಾಂಟ್' ಅಂದರೆ ಉರಿಯದೆ ಇರುತ್ತಾ? ರಕ್ತ ತೊಟ್ಟಿಕ್ಕುವ ಅಕ್ಷರ ನೋಡಿ ಈಗ ಮಕ್ಕಳೂ ಹೆದರಲ್ಲ. ಅಕ್ಷರ ಹೇಗೆ ನಡೆದುಕೊಳ್ಳುತ್ತೆ, ಹೆದರಿಕೆ ಇರೋದು ಅಲ್ಲಿ.

ಸಂಜೆ ಶಟರ್ ಅರ್ಧ ಎಳೆದು ಅವನನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಮೊದಲು ತೋರಿಸಿದ್ದು 'ಸೈಕೋ' (1960). ಟೈಟಲ್ ಮಾಡಿದವರು ಸಾಲ್ ಬಾಸ್. ಪರದೆ ಮೇಲೆ ಬೂದು ಬಣ್ಣದ ಪಟ್ಟಿಗಳು ಅಡ್ಡಡ್ಡ, ಉದ್ದುದ್ದ ಓಡುತ್ತವೆ, ಅಷ್ಟೇ. ಅಕ್ಷರ ತೀರಾ ಸಾದಾ. ಆದರೆ ಒಂದೊಂದು ಹೆಸರೂ ತುಂಡು ತುಂಡಾಗಿ ಬರುತ್ತೆ, ಒಂದು ಗಳಿಗೆ ಕೂಡಿಕೊಳ್ಳುತ್ತೆ, ಮತ್ತೆ ಒಡೆದುಹೋಗುತ್ತೆ. ಹಿಂದೆ ಬರ್ನಾರ್ಡ್ ಹರ್ಮನ್ ಸಂಗೀತ. ಇಡೀ ಚಿತ್ರಕ್ಕೆ ಅವರು ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಕತ್ತಿ ಇಲ್ಲ, ರಕ್ತ ಇಲ್ಲ, ಒಂದು ಮುಖವೂ ಇಲ್ಲ. ಆದರೂ ಮೈ ಬಿಗಿಯಾಗುತ್ತೆ.

ಯಾಕೆ ಅನ್ನೋದು ನನ್ನ ಕಸುಬಿನವರಿಗೆ ಬೇಗ ಗೊತ್ತಾಗುತ್ತೆ. ಹೆಸರು ಅನ್ನೋದು ಅಲುಗಾಡಬಾರದು. ಮದುವೆ ಕಾರ್ಡಿನಲ್ಲಿ ಹುಡುಗನ ಅಜ್ಜನ ಹೆಸರು ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೂ ಮನೆಯವರು ಮತ್ತೆ ಅಂಗಡಿಗೆ ಬರುತ್ತಾರೆ. ಅಂಥ ಹೆಸರನ್ನೇ ಕಣ್ಣೆದುರು ಸೀಳಿಬಿಟ್ಟರೆ ಇನ್ನು ಯಾವುದನ್ನು ನಂಬೋದು? ಒಳಗೇ ಒಡೆದುಹೋದ ಮನುಷ್ಯನ ಕಥೆಗೆ ಇದಕ್ಕಿಂತ ಒಳ್ಳೆ ಪೀಠಿಕೆ ನಾನು ಕಂಡಿಲ್ಲ.

ಅದೇ ಬಾಸ್ ಅವರ 'ವರ್ಟಿಗೊ' (1958) ಕೂಡ ತೋರಿಸಿದೆ. ಹೆಂಗಸಿನ ಮುಖ, ತುಟಿ, ಕಣ್ಣು. ಕಣ್ಣು ಕೆಂಪಾಗಿ, ಪಾಪೆಯ ಒಳಗಿಂದ ಸುರುಳಿಗಳು ತಿರುಗುತ್ತಾ ಬರುತ್ತವೆ. ಎಲ್ಲರೂ ಹೊಗಳುವ ಟೈಟಲ್ ಇದು. ನನಗೆ ಮಾತ್ರ ಸುರುಳಿಗಳ ಚೆಂದ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತೆ. ನೋಡ್ತಾ ನೋಡ್ತಾ ಹೆದರೋದು ಮರೆತೇ ಹೋಗುತ್ತೆ.

ಹುಡುಗನಿಗೆ ಇನ್ನೊಂದು ಆಸೆ ಇತ್ತು. ಡ್ರೋನ್ ಬಾಡಿಗೆಗೆ ತಂದು ಚಾರ್ಮಾಡಿ ಘಾಟಿಯ ಮಂಜನ್ನು ಮೇಲಿಂದ ತೆಗೆಯೋದು, ಅದರ ಮೇಲೆ ಹೆಸರು ಹಾಕೋದು. ನಾನು ಒಪ್ಪಲಿಲ್ಲ. ಮಂಜು ತೋರಿಸಿದ ಕೂಡಲೇ ಥ್ರಿಲ್ಲರ್ ಆಯ್ತು ಅಂತ ಮಲೆನಾಡಿಗೆ ಕ್ಯಾಮೆರಾ ತರುವವರೆಲ್ಲ ಅಂದುಕೊಂಡಿದ್ದಾರೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಘಾಟಿ ಇಳಿಯುವ ನಮಗೆ ಮಂಜು ಅಂದರೆ ಹೆಡ್‌ಲೈಟ್ ಹಾಕಿಕೊಳ್ಳೋದು, ಅಷ್ಟೇ.

ಮೇಲಿಂದಲೇ ತೆಗೆಯಬೇಕು ಅಂದರೆ 'ದಿ ಶೈನಿಂಗ್' (1980) ನೋಡು ಅಂದೆ. ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್. ಬೆಟ್ಟದ ರಸ್ತೆಯಲ್ಲಿ ಒಂದು ಪುಟ್ಟ ಹಳದಿ ಕಾರು. ಹೆಲಿಕಾಪ್ಟರಿನಿಂದ ತೆಗೆದ ದೃಶ್ಯ. ಮಂಜು ಇಲ್ಲ, ಕತ್ತಲೆ ಇಲ್ಲ, ಹಗಲು ಹೊತ್ತು. ಹಾಗಿದ್ದರೂ ಏನೋ ಸರಿಯಿಲ್ಲ. ಸಂಗೀತ ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕೈಂಡ್ ಅವರದು. ಸತ್ತವರಿಗಾಗಿ ಚರ್ಚುಗಳಲ್ಲಿ ಹಾಡುತ್ತಿದ್ದ ಹಳೇ ಲ್ಯಾಟಿನ್ ಹಾಡಿನ ಧಾಟಿಯನ್ನು ಸಿಂಥಸೈಜರಿನಲ್ಲಿ ನುಡಿಸಿದ್ದಾರೆ. ಇನ್ನೊಂದು ವಿಷಯ ನೋಡಿ. ಹೆಸರುಗಳು ಕೆಳಗಿಂದ ಮೇಲಕ್ಕೆ ಉರುಳುತ್ತವೆ. ಹಾಗೆ ಉರುಳೋದು ಸಾಮಾನ್ಯವಾಗಿ ಸಿನಿಮಾ ಮುಗಿದ ಮೇಲೆ. ಸಿನಿಮಾ ಶುರುವಾಗುವ ಮೊದಲೇ ಅದರಲ್ಲಿ ಬರುವ ಕುಟುಂಬದ ಕಥೆ ಮುಗಿದಿದೆ ಅಂತ ಯಾರೋ ತೀರ್ಮಾನ ಮಾಡಿದ ಹಾಗಿರುತ್ತೆ.

ಕೊನೆಗೆ 'ಸೆವೆನ್' (1995). ಇದಕ್ಕೆ ಅವನು ಮೊಬೈಲ್ ಪಕ್ಕಕ್ಕಿಟ್ಟ. ಕೈಲ್ ಕೂಪರ್ ಮಾಡಿದ ಟೈಟಲ್. ಯಾರದೋ ಕೈ. ಬ್ಲೇಡು, ಸೂಜಿ ದಾರ, ಒತ್ತೊತ್ತಾಗಿ ಬರೆದು ತುಂಬಿಸಿದ ನೋಟ್‌ಬುಕ್ಕು. ಹೆಸರುಗಳನ್ನು ಕೈಯಿಂದ ಗೀಚಿ ಬರೆದಿದ್ದಾರೆ. ಗೀಚಿದ ಅಕ್ಷರ ನಿಂತಲ್ಲಿ ನಿಲ್ಲದೆ ನಡುಗುತ್ತೆ. ಆ ಕೈ ಕೊಲೆಗಾರನದು. ಸಿನಿಮಾದಲ್ಲಿ ಅವನ ಮುಖ ನಮಗೆ ಸರಿಯಾಗಿ ಕಾಣೋದು ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಅವನು ಪಕ್ಕದಲ್ಲೇ ಇದ್ದಾನೆ ಅನ್ನಿಸೋದು ಈ ಎರಡು ನಿಮಿಷದ ದೆಸೆಯಿಂದ. ಇನ್ನೂ ಮಜಾ ಅಂದರೆ, ಆ ಪಾತ್ರ ಮಾಡಿದ ನಟನ ಹೆಸರು ಟೈಟಲ್‌ನಲ್ಲಿ ಇಲ್ಲವೇ ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಹೆಸರು ತೋರಿಸುವ ಜಾಗದಲ್ಲಿ ಹೆಸರು ಮುಚ್ಚಿಟ್ಟು ಹೆದರಿಸಿದ ಕಿಲಾಡಿಗಳು.

ನಮ್ಮಲ್ಲಿ ಈ ಎರಡು ನಿಮಿಷಕ್ಕೆ ಮರ್ಯಾದೆ ಕಡಿಮೆ. ಥಿಯೇಟರಿನಲ್ಲಿ ಟೈಟಲ್ ಓಡುವ ಹೊತ್ತು ಅಂದರೆ ಮೊಬೈಲ್ ಟಾರ್ಚ್ ಹಾಕಿ ಸೀಟು ಹುಡುಕುವ ಹೊತ್ತು. ಬೀಡಿ ಸಿಗರೇಟಿನ ಎಚ್ಚರಿಕೆ ಕಾನೂನಿನ ಮಾತು, ಅದು ಇರಲಿ. ಆಮೇಲೆ ಬರುವ ಕೃತಜ್ಞತೆಗಳ ಪಟ್ಟಿ? ಊಟ ಕೊಟ್ಟವರು, ಮನೆ ಕೊಟ್ಟವರು, ನಿರ್ಮಾಪಕರ ಮನೆದೇವರು, ಒಂದೊಂದಕ್ಕೂ ಒಂದೊಂದು ಬಣ್ಣ. ಅಷ್ಟೂ ಮುಗಿದು 'ಢಂ' ಅಂತ ಹೆಣ ಬಿದ್ದರೆ ಯಾರಿಗೆ ಹೆದರಿಕೆ ಆಗುತ್ತೆ? ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ತೆರೆಯ ಮುಂದೆ ಎಳೆದಿರುವ ಬಟ್ಟೆಯ ಪರದೆ ಸರಿಸದೆ, ಅದರ ಮೇಲೇ ಟೈಟಲ್ ಓಡಿಸುತ್ತಿದ್ದರು. 1955ರಲ್ಲಿ ಬಾಸ್ ಟೈಟಲ್ ಮಾಡಿದ ಒಂದು ಸಿನಿಮಾದ ರೀಲ್ ಡಬ್ಬಗಳ ಮೇಲೆ, ಟೈಟಲ್‌ಗೆ ಮೊದಲೇ ಪರದೆ ಸರಿಸಿ ಅಂತ ಪ್ರೊಜೆಕ್ಟರ್ ಓಡಿಸುವವರಿಗೆ ಚೀಟಿ ಅಂಟಿಸಿ ಕಳಿಸಿದ್ದರಂತೆ. ಈಗ ಮನೆಯಲ್ಲಿ ನೋಡುವವರ ಕೈಗೆ ನೆಟ್‌ಫ್ಲಿಕ್ಸ್ 2017ರಲ್ಲಿ 'ಸ್ಕಿಪ್ ಇಂಟ್ರೊ' ಗುಂಡಿ ಕೊಟ್ಟಿದೆ. ಅದಕ್ಕೆ ಯಾವ ಚೀಟಿ ಅಂಟಿಸೋದು?

ಸರಿ, ನಮ್ಮ ಟೈಟಲ್ ವಿಷಯ. 'ಸೆವೆನ್' ನೋಡಿದ ಗುಂಗಿನಲ್ಲಿ ಹುಡುಗ ಹಳೇ ಎಕ್ಸ್‌ರೇ ಫಿಲ್ಮ್ ತಂದು ಕಂಪಾಸಿನ ಮೊನೆಯಲ್ಲಿ ಗೀಚೋಕೆ ಕೂತ. ಇಂಗ್ಲಿಷ್ ಅಕ್ಷರ ಮೂರು ಗೆರೆಯಲ್ಲಿ ಮುಗಿಯುತ್ತೆ. ಕನ್ನಡದ್ದು ಹಾಗಲ್ಲ. ದುಂಡಗೆ ತಿರುಗಿಸುವಾಗ ಮೊನೆ ಜಾರುತ್ತೆ, ಒತ್ತಕ್ಷರ ಬಂತೆಂದರೆ ಕೆಳಗೆ ಬರೀ ಗೀರು. 'ಛಾಯಾಗ್ರಹಣ' ಅನ್ನೋದನ್ನು ಬರೆದವನೇ ಓದಲಾರ.

ಆಗ ನನಗೆ ಹಲ್ಮಿಡಿ ಶಾಸನ ನೆನಪಾಯಿತು. ಬೇಲೂರು ತಾಲ್ಲೂಕಿನದೇ ಊರು. ಶಾಸನ ಸುಮಾರು ಕ್ರಿ.ಶ. 450ರದ್ದು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿ ಇದೆ. ಫೋಟೋ ತೆಗೆದು ತೋರಿಸಿದೆ. ನಮ್ಮದೇ ಭಾಷೆ. ಒಂದೆರಡು ಅಕ್ಷರ ಗುರುತು ಸಿಕ್ಕಂತೆ ಆಗುತ್ತೆ, ಅಷ್ಟರಲ್ಲಿ ಕೈ ತಪ್ಪುತ್ತೆ. ಓದಿಬಿಡಬಹುದು ಅನ್ನಿಸಿ ಓದಲಾಗದೆ ಹೋಗುವ ಆ ಕಸಿವಿಸಿ ಇದೆಯಲ್ಲ, ಥ್ರಿಲ್ಲರ್‌ಗೆ ಬೇಕಾದ್ದು ಅದೇ. ಕನ್ನಡದ ಟೈಟಲ್ ಮಾಡುವವರು ಇಂಗ್ಲಿಷಿನ ಗೀರು ಫಾಂಟುಗಳ ಹಿಂದೆ ಓಡೋದು ಬಿಟ್ಟು ಇಲ್ಲಿಂದ ಶುರು ಮಾಡಬಹುದಿತ್ತು.

ಆದರೆ ಕಾಫಿ ತೋಟದ ಕಥೆಗೆ ಕಲ್ಲಿನ ಅಕ್ಷರ ಯಾಕೆ? ಅಲ್ಲಿಗೆ ಚೆಕ್‌ರೋಲೇ ಸರಿ. ಹಳೇ ಲೆಕ್ಕದ ಪುಸ್ತಕ ಒಂದನ್ನು ಹುಡುಕಿ ತಂದು, ಮಸಿ ಪೆನ್ನಿನಲ್ಲಿ ನಾನೇ ಬರೆದೆ. ರೈಟರುಗಳ ಬರವಣಿಗೆ ಒಂದು ಥರ ಬಲಕ್ಕೆ ವಾಲಿರುತ್ತೆ, ಅದೇ ಧಾಟಿ. ಎಡಗಡೆ ಹೆಸರು, ಬಲಗಡೆ ತಾರೀಕಿನ ಮನೆಗಳು. ಹುಡುಗನ ತಂಡದವರೇ ಆಳುಗಳು. ಕ್ಯಾಮೆರಾ, ಸಂಕಲನ, ಸಂಗೀತ, ಒಬ್ಬೊಬ್ಬರ ಮುಂದೆಯೂ ಹಾಜರಿ, ಅಲ್ಲಲ್ಲಿ ರಜ. ನಡುವೆ ಒಂದು ಹೆಸರು. ಅದರ ಮುಂದೆ ಕೆಲಸ ಏನೂ ಬರೆದಿಲ್ಲ. ಒಂದು ದಿನವೂ ರಜ ಇಲ್ಲ. ಕ್ಯಾಮೆರಾ ಅದರ ಮೇಲೆ ನಿಲ್ಲಬಾರದು ಅಂತ ಖಡಕ್ಕಾಗಿ ಹೇಳಿದ್ದೇನೆ. ಉಳಿದ ಹೆಸರುಗಳಿಗೆ ಎಷ್ಟು ಹೊತ್ತೋ ಇದಕ್ಕೂ ಅಷ್ಟೇ. ಪುಟ ತಿರುಗಿದಾಗ ಅದೇ ಹೆಸರು ಇನ್ನೊಮ್ಮೆ, ಈ ಸಲ ಒಂದು ಸಾಲು ಮೇಲೆ.

ಗಮನಿಸದವರು ಗಮನಿಸದೆ ಹೋಗಲಿ. ಗಮನಿಸಿದವರು ಪಕ್ಕದವರನ್ನು ತಿವಿದು ಕೇಳುತ್ತಾರೆ, ಅಷ್ಟು ಸಾಕು.

ಸಂಗೀತ ಇನ್ನೂ ಜಗಳದಲ್ಲಿದೆ. ಅವನ ಗೆಳೆಯ ಪಿಟೀಲು ಹಾಕೋಣ ಅಂತಾನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಅದು ಓಡುವ ಸದ್ದನ್ನೇ ರೆಕಾರ್ಡ್ ಮಾಡಿ ನಿಧಾನ ಮಾಡಿ ಹಾಕಿ ಅನ್ನೋದು ನನ್ನ ವಾದ. ಕಾಫಿ ಹಣ್ಣು ಬರೋದು ನವೆಂಬರ್ ಹೊತ್ತಿಗೆ, ಕಾಲೇಜಿನ ಸ್ಪರ್ಧೆ ಅದಕ್ಕಿಂತ ಮುಂಚೆಯೇ ಇದೆಯಂತೆ. ಖಾಲಿ ಪಲ್ಪರ್ ಓಡಿಸಿ ಸದ್ದು ಹಿಡಿಯೋಕೆ ತೋಟದವರು ಒಪ್ಪುತ್ತಾರಾ ಅಂತ ಕೇಳಿ ಬಾ ಎಂದು ಕಳಿಸಿದ್ದೇನೆ.