ಬಯಾಪ್ಸಿ ರಿಪೋರ್ಟ್ ಬಂದ ವಾರದಲ್ಲೇ ಮುಗಿಸಬೇಕಾದ ಕಾಗದದ ಕೆಲಸ

ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಮೊದಲು ಏಳುವುದು ಒಡವೆ ಅಡ ಇಡುವ ಮಾತು. ದಯವಿಟ್ಟು ಅದನ್ನು ನಾಲ್ಕು ದಿನ ತಡೆಯಿರಿ. ಸರ್ಕಾರಿ ಯೋಜನೆಗಳಲ್ಲಿ ದೊಡ್ಡ ಮೊತ್ತ ಬರುವುದು ಮುಂಚಿತವಾಗಿ, ಅದೂ ನೇರ ಆಸ್ಪತ್ರೆಯ ಖಾತೆಗೆ. ನೀವು ಕೈಯಿಂದ ಕಟ್ಟಿದ ದುಡ್ಡು ವಾಪಸ್ ಬರುವುದು ಅಪರೂಪ. ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಸ್ಕ್ಯಾನು, ರಕ್ತಪರೀಕ್ಷೆ ಎಂದು ಹೇಗೂ ಕೆಲವು ದಿನ ಹಿಡಿಯುತ್ತದೆ. ಅದೇ ದಿನಗಳಲ್ಲಿ ಮನೆಯವರೊಬ್ಬರು ಕಾಗದದ ಕೆಲಸಕ್ಕೆಂದೇ ನಿಂತುಬಿಡಲಿ. ಕಾಗದಕ್ಕಾಗಿ ಚಿಕಿತ್ಸೆಯನ್ನು ಮಾತ್ರ ಮುಂದೂಡಬೇಡಿ.

ಮೊದಲು ರೇಷನ್ ಕಾರ್ಡ್ ತೆಗೆದು ನೋಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಏನೂ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಮೊತ್ತ) ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರವೇ ಭರಿಸುತ್ತದೆ. ಬೆಂಗಳೂರಿನ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರಿ ಸಂಸ್ಥೆಯಾದ್ದರಿಂದ ಅಲ್ಲಿಗೆ ಕಾರ್ಡ್, ಆಧಾರ್ ಹಿಡಿದು ನೇರವಾಗಿ ಹೋಗಬಹುದು. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಾದರೆ ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಎಡವುವುದು ಇಲ್ಲೇ. ಗಾಬರಿಯಲ್ಲಿ ಖಾಸಗಿಯಲ್ಲಿ ಅಡ್ವಾನ್ಸ್ ಕಟ್ಟಿ, ಎರಡು ಸೈಕಲ್ (ಸುತ್ತು) ಕೀಮೋ ಮುಗಿಸಿ, ಕೈ ಖಾಲಿಯಾದ ಮೇಲೆ ಕಾರ್ಡ್ ತೋರಿಸುತ್ತಾರೆ. ಆಗಿಹೋದದ್ದಕ್ಕೆ ಮಂಜೂರಾತಿ ಸಿಗುವುದಿಲ್ಲ, ಏಕೆಂದರೆ ಚಿಕಿತ್ಸೆಗೆ ಮೊದಲೇ ಅನುಮತಿ ಪಡೆಯಬೇಕೆಂಬುದು ನಿಯಮ.

ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳಲೆಂದೇ ಕೂತಿರುವ ಆರೋಗ್ಯ ಮಿತ್ರರ ಹತ್ತಿರ ಹೋಗಿ ಮೂರು ವಿಷಯ ಕೇಳಿ, ಪುಸ್ತಕದಲ್ಲಿ ಬರೆದುಕೊಳ್ಳಿ: ಯಾವ ಪ್ಯಾಕೇಜ್‌ಗೆ ಹಾಕುತ್ತಿದ್ದೀರಿ, ಎಷ್ಟು ಸೈಕಲ್‌ಗೆ ಅನುಮತಿ ಬಂದಿದೆ, ಯಾವುದು ಪ್ಯಾಕೇಜಿನ ಹೊರಗೆ. ಪೆಟ್ ಸ್ಕ್ಯಾನ್ ಮತ್ತು ದುಬಾರಿ ಟಾರ್ಗೆಟೆಡ್ (ಕ್ಯಾನ್ಸರ್ ಕೋಶಕ್ಕೇ ಗುರಿಯಿಡುವ) ಔಷಧಿಗಳ ಬಗ್ಗೆ ಹೆಸರು ಹಿಡಿದೇ ಕೇಳಿ. ಪ್ಯಾಕೇಜಿನೊಳಗಿನದ್ದಕ್ಕೆ ಹಣ ಕೇಳಿದರೆ ರಸೀದಿ ಇಟ್ಟುಕೊಂಡು 104 ಆರೋಗ್ಯ ಸಹಾಯವಾಣಿಗೆ ದೂರು ಕೊಡಿ.

ಹೆಸರಿನ ಗೊಂದಲ ಸಣ್ಣದೆನಿಸುತ್ತದೆ, ಆದರೆ ವಾರಗಟ್ಟಲೆ ಓಡಾಡಿಸುತ್ತದೆ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ ಕೆ’, ರೇಷನ್ ಕಾರ್ಡಿನಲ್ಲಿ ‘ಲಕ್ಷ್ಮಿ’, ಆಸ್ಪತ್ರೆಯ ಫೈಲಿನಲ್ಲಿ ‘ಕೆ. ಲಕ್ಷ್ಮಿದೇವಿ’. ಮೊದಲ ದಿನ ಓಪಿ ಚೀಟಿ ಮಾಡಿಸುವಾಗಲೇ ಆಧಾರ್ ಮುಂದಿಟ್ಟು ಅದರಲ್ಲಿ ಇದ್ದಂತೆಯೇ ಬರೆಸಿ. ಬೆರಳಚ್ಚಿನದು ಇನ್ನೊಂದು ತೊಡಕು. ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ ನುಂಗುವವರಲ್ಲಿ ಕೆಲವರಿಗೆ ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತದೆ, ಬೆರಳ ತುದಿಯ ಗೆರೆಗಳೇ ಅಳಿಸಿಹೋಗುತ್ತವೆ. ಆಮೇಲೆ ಯಂತ್ರದ ಮೇಲೆ ಎಷ್ಟು ಸಲ ಬೆರಳು ಒತ್ತಿದರೂ ಹಿಡಿಯುವುದಿಲ್ಲ. ಆದ್ದರಿಂದ ಇ-ಕೆವೈಸಿ, ಬ್ಯಾಂಕ್ ಕೆಲಸಗಳನ್ನು ಮಾತ್ರೆ ಶುರುವಾಗುವ ಮೊದಲೇ ಮುಗಿಸಿ. ಆಧಾರ್‌ಗೆ ಈಗ ಕೈಯಲ್ಲಿರುವ ಮೊಬೈಲ್ ನಂಬರನ್ನೇ ಜೋಡಿಸಿಡಿ, ಓಟಿಪಿಯಿಂದಾದರೂ ಕೆಲಸ ನಡೆಯುತ್ತದೆ.

ಪೀಣ್ಯದ ಕಾರ್ಖಾನೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುತ್ತದೆ. ಚಿಕಿತ್ಸೆಯ ಜೊತೆಗೆ ಸಂಬಳದ ನಷ್ಟವನ್ನೂ ತುಂಬಿಕೊಡುವುದು ಇದರ ಹೆಚ್ಚುಗಾರಿಕೆ. ಮೊದಲ 91 ದಿನ ಕೂಲಿಯ ಶೇ 70. ಆಮೇಲೆ, ಎರಡು ವರ್ಷ ಸತತವಾಗಿ ಇಎಸ್‌ಐನಲ್ಲಿದ್ದು ವಂತಿಗೆ ಕಟ್ಟಿದ ದಿನಗಳೂ ನಿಯಮದಷ್ಟಿದ್ದರೆ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇ 80ರ ಲೆಕ್ಕದಲ್ಲಿ ಎರಡು ವರ್ಷದವರೆಗೆ. ‘ಹುಷಾರಾದ ಮೇಲೆ ಬಾಮ್ಮ, ಈಗ ರಾಜೀನಾಮೆ ಬರೆದುಕೊಡು’ ಎಂದು ಸೂಪರ್‌ವೈಸರ್ ಹೇಳಿದರೆ ಬರೆದುಕೊಡಬೇಡಿ. ಕೆಲಸ ಬಿಟ್ಟರೆ ಈ ಹಕ್ಕೂ ಕೈತಪ್ಪುವ ಅಪಾಯವಿದೆ. ಪಿಎಫ್‌ನಿಂದಲೂ ಕಾಯಿಲೆಯ ಕಾರಣ ಕೊಟ್ಟು ಹಣ ತೆಗೆಯಬಹುದು, ಅದು ಸಾಲವಲ್ಲ.

ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕುವುದಾದರೆ ಚಿಕಿತ್ಸೆಗೆ ಮೊದಲೇ ಹಾಕಿ, ಖರ್ಚಾದದ್ದನ್ನು ಅದು ಕೊಡುವುದಿಲ್ಲ. ನಾಡಕಚೇರಿಯ ಆದಾಯ ಪತ್ರ, ವಿಳಾಸದ ದಾಖಲೆ, ಎರಡು ಫೋಟೊ, ಆಸ್ಪತ್ರೆಯ ಎಸ್ಟಿಮೇಟ್ ಬೇಕು. ಎಸ್ಟಿಮೇಟ್‌ನಲ್ಲಿ ‘ಅಂದಾಜು 4 ಲಕ್ಷ’ ಎಂದಷ್ಟೇ ಇದ್ದರೆ ಸಾಲದು. ರೋಗದ ಹೆಸರು, ಹಂತ, ಎಷ್ಟು ಸೈಕಲ್, ಆಪರೇಷನ್‌ಗೆ ಎಷ್ಟು, ರೇಡಿಯೇಷನ್‌ಗೆ ಎಷ್ಟು ಎಂದು ಬಿಡಿಸಿ ಬರೆಸಿ, ವೈದ್ಯರ ಸಹಿ, ಮೊಹರು ಹಾಕಿಸಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಮೂಲ ಬಿಲ್ಲು, ಡಿಸ್ಚಾರ್ಜ್ ಸಮರಿ, ಪಾಸ್‌ಬುಕ್ ನಕಲು ಬೇಕಾಗುತ್ತವೆ, ಜೊತೆಗೆ ಶಾಸಕರ ಪತ್ರವಿದ್ದರೆ ಒಳ್ಳೆಯದು. ಮೂಲ ಬಿಲ್ಲನ್ನು ಎಲ್ಲೇ ಕೊಡುವ ಮೊದಲು ನಾಲ್ಕು ಜೆರಾಕ್ಸ್ ತೆಗೆದಿಡಿ.

ಔಷಧಿಯ ಲೆಕ್ಕ ಕೇಳಲು ಸಂಕೋಚ ಬೇಡ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್ ಔಷಧಿಗೆ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲೇ ಬಯೋಸಿಮಿಲರ್ (ಮೂಲ ಔಷಧಿಯಂತೆಯೇ ಕೆಲಸ ಮಾಡುವ, ಸಾಮಾನ್ಯವಾಗಿ ಅಗ್ಗದ ಔಷಧಿ) ತಂದಿತು. ಅಂಥದ್ದನ್ನು ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಮೊದಲ ಡೋಸ್ ಆದ ಮೇಲೆ ಮೂರು ವಾರಕ್ಕೊಮ್ಮೆ ಕಿಲೋಗೆ 6 ಮಿಲಿಗ್ರಾಂನಂತೆ, 60 ಕಿಲೋ ತೂಕದವರಿಗೆ 360 ಮಿಲಿಗ್ರಾಂ ಬೇಕು. 440 ಮಿಲಿಗ್ರಾಂನ ವೈಯಲ್ (ಔಷಧಿ ಸೀಸೆ) ಒಡೆದರೆ 80 ಉಳಿಯುತ್ತದೆ. ಜೊತೆಗೆ ಬರುವ ಸಂರಕ್ಷಕ ನೀರಿನಲ್ಲೇ ಕಲಸಿದ್ದರೆ 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು. ಉಳಿದದ್ದನ್ನು ಆಸ್ಪತ್ರೆಯ ಫಾರ್ಮಸಿಯಲ್ಲೇ ಇಟ್ಟು ಮುಂದಿನ ಸಲ ಬಳಸುತ್ತಾರೋ ಕೇಳಿ. ಮನೆಯ ಫ್ರಿಜ್ಜಿಗೆ ತರಬೇಡಿ. ಕೆಲವು ಕಂಪನಿಗಳು ಇಷ್ಟು ಡೋಸ್ ಕೊಂಡರೆ ಮುಂದಿನದು ಉಚಿತ ಎಂಬ ಯೋಜನೆ ಇಟ್ಟಿರುತ್ತವೆ. ಅದಕ್ಕೆ ವೈದ್ಯರ ಸಹಿ ಬೇಕು, ಮೊದಲ ಡೋಸ್‌ಗೆ ಮುಂಚೆಯೇ ವಿಚಾರಿಸಿ.

ಕಲಬುರಗಿ, ರಾಯಚೂರಿನಿಂದ ಬರುವವರು ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿ ಫಾರಂ ಬರೆಸಿಕೊಳ್ಳಿ. ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ 75. ಉಳಿಯಲು ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆಯಿದೆ, ಲಾಡ್ಜ್ ಹುಡುಕುವ ಮೊದಲು ಅಲ್ಲಿ ಜಾಗ ಕೇಳಿ.

ಇನ್ನು ಗುಣವಾಗುವುದಿಲ್ಲ, ನೋವು ಕಡಿಮೆ ಮಾಡಬಹುದಷ್ಟೇ ಎಂದು ವೈದ್ಯರು ಹೇಳಿದ ಮೇಲೂ ಎಷ್ಟೋ ಮನೆಯವರು ಸೈಟು ಮಾರಿ ಐಸಿಯು ಬಿಲ್ ಕಟ್ಟುತ್ತಾರೆ. ಬೆಂಗಳೂರಿನ ಮಾರತ್ತಹಳ್ಳಿ ಕಡೆಯ ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಇಂಥ ರೋಗಿಗಳಿಗೆ ಹಾಸಿಗೆ, ಔಷಧಿ, ಊಟ, ಆರೈಕೆ ಎಲ್ಲವೂ ಉಚಿತ. ಹೋಗುವಾಗ ಆಸ್ಪತ್ರೆಯ ಫೈಲನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ.