ಮೇಷ್ಟ್ರು ಓದಿಸಿದ ವೇಲ್ಸ್ ಕವಿ

ನಮ್ಮ ಇಂಗ್ಲಿಷ್ ಮೇಷ್ಟ್ರು ಅಂದ ತಕ್ಷಣ ನನಗೆ ಶೇಕ್ಸ್‌ಪಿಯರ್ ನೆನಪಾಗುವುದಿಲ್ಲ, ವೇಲ್ಸ್ ಅನ್ನುವ, ಇಂಗ್ಲೆಂಡಿನ ಪಕ್ಕದ ನಾಡಿನ ಕವಿ ಆರ್. ಎಸ್. ಥಾಮಸ್ ನೆನಪಾಗುತ್ತಾರೆ. ಅವರು ಸಿಲಬಸ್ಸಿನಲ್ಲಿ ಇರಲಿಲ್ಲ. ಪಾಠ ಬೇಗ ಮುಗಿದ ದಿನ, ಇದು ಪರೀಕ್ಷೆಗೆ ಬರಲ್ಲ ಅಂತ ಮೊದಲೇ ಹೇಳಿ ಮೇಷ್ಟ್ರು ಅವರ ಪದ್ಯ ಓದುತ್ತಿದ್ದರು.

ಥಾಮಸ್ ಹುಟ್ಟಿದ್ದು 1913ರಲ್ಲಿ, ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಬೆಳೆದದ್ದು ಹೋಲಿಹೆಡ್ ಬಂದರಿನಲ್ಲಿ. ಮನೆಮಾತು ಇಂಗ್ಲಿಷ್. ಪಾದ್ರಿಯಾಗಿ ಹಳ್ಳಿಗಳಲ್ಲೇ ಬದುಕಿದರು. ವೇಲ್ಸ್‌ನ ಸ್ವಂತ ಭಾಷೆಯಾದ ವೆಲ್ಷ್ ಕಲಿತದ್ದು ಹೆಚ್ಚುಕಡಿಮೆ ಮೂವತ್ತರ ವಯಸ್ಸಿನಲ್ಲಿ. ಎಷ್ಟು ಚೆನ್ನಾಗಿ ಕಲಿತರು ಅಂದರೆ ಆತ್ಮಕಥೆಯನ್ನೇ ವೆಲ್ಷ್‌ನಲ್ಲಿ ಬರೆದರು. ಆದರೆ ಪದ್ಯ ಮಾತ್ರ ಇಂಗ್ಲಿಷಿನಲ್ಲೇ ಬಂತು. ಕವಿತೆ ಹುಟ್ಟುವುದು ಚಿಕ್ಕಂದಿನಿಂದ ಆಡಿದ ಮಾತಿನಲ್ಲಿ ಅಂತ ಅವರು ನಂಬಿದ್ದರು, ತಮಗೆ ಆ ಮಾತು ಇಂಗ್ಲಿಷ್ ಆಗಿಹೋಯಿತಲ್ಲ ಅನ್ನುವ ಸಂಕಟ ಕೊನೆತನಕ ಅವರನ್ನು ಬಿಡಲಿಲ್ಲ. 1964ರಲ್ಲಿ ಕವಿತೆಗೆಂದು ಬ್ರಿಟನ್ ರಾಣಿ ಕೊಡುವ ಚಿನ್ನದ ಪದಕವೂ ಬಂತು, ಅದೂ ಇಂಗ್ಲಿಷ್ ಕವಿತೆಗೇ!

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ‘ರಿಸರ್ವಾಯರ್ಸ್’, ಅಂದರೆ ಜಲಾಶಯಗಳು, ಅನ್ನುವ ಪದ್ಯ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ವೇಲ್ಸ್‌ನ ಕಾಪೆಲ್ ಕೆಲಿನ್ ಅನ್ನುವ ಹಳ್ಳಿ ಮುಳುಗಿತು. ಪೂರ್ತಿ ವೆಲ್ಷ್ ಮಾತಾಡುವ ಊರು. ಶಾಲೆ, ಪೋಸ್ಟ್ ಆಫೀಸ್, ಪ್ರಾರ್ಥನಾ ಮಂದಿರ ಎಲ್ಲ ನೀರಿನಡಿ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ವೇಲ್ಸ್‌ನ ಒಬ್ಬ ಸದಸ್ಯರೂ ಇದರ ಪರ ಮತ ಹಾಕಿರಲಿಲ್ಲ, ಆದರೂ ಅಣೆಕಟ್ಟು ಎದ್ದಿತು. ಲಿಂಗನಮಕ್ಕಿಯ ಮುಳುಗಡೆಯೂ ಸುಮಾರು ಅದೇ ಕಾಲದ್ದು. ನಮ್ಮ ಕ್ಲಾಸಿನಲ್ಲಿ ಶರಾವತಿ ಕಣಿವೆಯಿಂದ ಎದ್ದು ಬಂದ ಮನೆಗಳ ಮಕ್ಕಳು ಎಷ್ಟೋ ಜನ, ನಾನೂ ಒಬ್ಬಳು. ನಮಗೆ ಆ ಪದ್ಯ ಬಿಡಿಸಿ ಹೇಳಬೇಕಾಗಿರಲಿಲ್ಲ. ಥಾಮಸ್ ಬರೀ ಇಂಗ್ಲಿಷರನ್ನು ಬೈದು ಸುಮ್ಮನಾಗುವುದಿಲ್ಲ. ನಮ್ಮ ಭಾಷೆಯನ್ನು ಅವರು ಗೋರಿಗೆ ನೂಕುತ್ತಿದ್ದಾರೆ ನಿಜ, ಆದರೆ ಆ ಗೋರಿ ತೋಡಿದವರು ನಾವೇ ಅನ್ನುತ್ತಾರೆ. ಅಷ್ಟು ನೇರವಾಗಿ ತನ್ನವರಿಗೇ ಹೇಳುವ ಕವಿ ಅಪರೂಪ ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಜೊತೆ ಇಲ್ಲ. ವೇಲ್ಸ್‌ನಲ್ಲಿ ಇಂಗ್ಲಿಷರು ರಜೆಗೆಂದು ಕೊಂಡ ಮನೆಗಳಿಗೆ 1979ರಿಂದ ಕೆಲವರು ಬೆಂಕಿ ಇಡತೊಡಗಿದಾಗ ಥಾಮಸ್ ಅದನ್ನು ಖಂಡಿಸಲು ಒಪ್ಪಲಿಲ್ಲ. ಈ ಬಗ್ಗೆ ಕ್ಲಾಸಿನಲ್ಲಿ ದೊಡ್ಡ ಜಗಳವೇ ಆಯಿತು, ಬೆಲ್ ಹೊಡೆದರೂ ಮೇಷ್ಟ್ರು ತಡೆಯಲಿಲ್ಲ. ಭಾಷೆ ಉಳಿಸಲು ಮನೆ ಸುಡುವುದು ಅಂದೂ ನನಗೆ ಒಪ್ಪಿಗೆಯಾಗಲಿಲ್ಲ, ಇಂದೂ ಇಲ್ಲ. ಪದ್ಯಗಳನ್ನು ಮಾತ್ರ ಬಿಡಲಾಗಲಿಲ್ಲ.

ಈಗ ಕಾಲೇಜಿನಲ್ಲಿ ಓದುತ್ತಿರುವವರು ದಯವಿಟ್ಟು ಇವರನ್ನು ಓದಿ. ‘ರಿಸರ್ವಾಯರ್ಸ್’ನಿಂದಲೇ ಶುರುಮಾಡಿ, ಚಿಕ್ಕ ಪದ್ಯ, ಗಟ್ಟಿಯಾಗಿ ಓದಿ.