ಇನ್ನೂ ಬಿಡದ ಆ ನೀಲಿ ಪರದೆ

ಕಲಬುರಗಿಯಲ್ಲಿ ಕಂಪ್ಯೂಟರ್ ಓದಿದ ನನ್ನ ವಯಸ್ಸಿನವರನ್ನು ಕೇಳಿ ನೋಡಿ, ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಅಂದರೆ, ಅದರಲ್ಲಿ ಪ್ರೋಗ್ರಾಂ ಬರೆಯಲು ಬಳಸುವ ಟರ್ಬೊ ಸಿ ಸಾಫ್ಟ್‌ವೇರ್‌ನ ನೀಲಿ ಪರದೆಯೇ ನೆನಪಾಗುತ್ತದೆ. ಬೋರ್ಲಾಂಡ್ ಕಂಪನಿ ಅದನ್ನು ತಂದಿದ್ದು 1987ರಲ್ಲಿ, ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂಗಾಗಿ. ಆಗ ಅದು ದೊಡ್ಡ ವಿಷಯವೇ. ಬರೆಯುವುದು, ಕಂಪೈಲ್ ಮಾಡುವುದು (ಅಂದರೆ ಯಂತ್ರದ ಭಾಷೆಗೆ ತಿರುಗಿಸುವುದು), ಓಡಿಸಿ ನೋಡುವುದು ಎಲ್ಲ ಒಂದೇ ಪರದೆಯಲ್ಲಿ, ಅದೂ ಆ ಕಾಲದ ಪುಟ್ಟ ಮೆಮೊರಿಯಲ್ಲಿ! ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ, ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಬೇಕು. ಹಾಕಿಯಾದರೂ ಕಾಲೇಜಿನಲ್ಲಿ ಓಡಿಸುತ್ತಾರೆ, ಯಾಕೆಂದರೆ ಲ್ಯಾಬ್ ಮ್ಯಾನುಯಲ್ ಬರೆದಿರುವುದು ಅದಕ್ಕೇ, ಸೂಪರ್ ಮಾರ್ಕೆಟ್ ಕಡೆ ಜೆರಾಕ್ಸ್ ಮಾಡಿಸಿಕೊಂಡು ಬರುವುದೂ ಅದನ್ನೇ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಪರದೆ ಮೇಲಿರುವುದನ್ನು ಅಳಿಸಲು ಪ್ರೋಗ್ರಾಂಗೆ ಸೇರಿಸುವ 'ಕೊನಿಯೊ ಡಾಟ್ ಎಚ್' ಎಂಬ ಫೈಲು ಸಿ ಭಾಷೆಯ ಭಾಗವೇ ಅಲ್ಲ, ಆ ಭಾಷೆಯ ನಿಯಮಗಳನ್ನು ಗೊತ್ತುಮಾಡಿದ 1989ರ ಆನ್ಸಿ ಸ್ಟ್ಯಾಂಡರ್ಡ್‌ನಲ್ಲಿ ಅದಿಲ್ಲ. ಆದರೂ ಮೊದಲ ಪಾಠದಲ್ಲೇ ಬರೆಸಿ ಇದೇ ಸಿ ಅಂದುಬಿಡುತ್ತಾರೆ. ಟರ್ಬೊ ಸಿಯಲ್ಲಿ ಪೂರ್ಣಾಂಕ ಇಡುವ 'ಇಂಟ್'ಗೆ ಸಿಗುವ ಜಾಗ ಬರೀ 2 ಬೈಟ್, ಹಾಗಾಗಿ 32,767 ದಾಟಿದರೆ ಲೆಕ್ಕ ಮೈನಸ್‌ಗೆ ತಿರುಗುತ್ತದೆ. ಹುಡುಗರು ತಲೆ ಕೆಡಿಸಿಕೊಳ್ಳದೆ ಇನ್ನೇನು ಮಾಡುತ್ತಾರೆ, ಅಲ್ವಾ? ಜಿಸಿಸಿ ಎಂಬ ಇನ್ನೊಂದು ಸಿ ಕಂಪೈಲರ್ 1987ರಿಂದಲೂ ಇದೆ, ಉಚಿತ ಕೂಡ. ಜೂನಿಯರ್‌ಗಳು ಕೇಳಿದರೆ ಅದನ್ನೇ ಹಾಕಿಕೊಳ್ಳಿ ಅನ್ನುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಮಾತ್ರ ಸುಮ್ನೆ ಟರ್ಬೊ ತೆರೆಯಿರಿ.